ಸಹಿ ನೋಡುವ ಶಶಿಕುಮಾರ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಬ್ಯಾಂಕಿನ ಕೆಲಸ ಬಿಡುತ್ತೇನೆಂದು ಹೇಳಿಕೊಂಡು ತಿರುಗಿದವನು ಪಿಳ್ಳಪ್ಪನ ಮಗ ಶಶಿಕುಮಾರ ಒಬ್ಬನೇ. ಎಂಬತ್ತೊಂಬತ್ತರಲ್ಲಿ ಹೇಳಲು ಶುರುಮಾಡಿದವನು ತೊಂಬತ್ತಾರರವರೆಗೂ ಹೇಳುತ್ತಲೇ ಇದ್ದ. ಮೊದಮೊದಲು ಬೀದಿಯವರು ಗಾಬರಿಯಿಂದ ಏನಾಯಿತೆಂದು ವಿಚಾರಿಸಿದರು. ಆಮೇಲೆ ವಿಚಾರಿಸುವುದನ್ನು ಬಿಟ್ಟು, ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಬೆನ್ನ ಹಿಂದೆ ಆಡಿಕೊಂಡರು. ಅವರ ಸಂಕಟವೂ ಸುಳ್ಳಲ್ಲ. ಅವರ ಮಕ್ಕಳು ಮೂರು ಮೂರು ಸಲ ಬ್ಯಾಂಕ್ ಪರೀಕ್ಷೆ ಬರೆದು, ಮೂರು ಸಲವೂ ಫೇಲಾಗಿ, ಮಗ್ಗದ ಸದ್ದಿನಲ್ಲಿ ಕಿವಿ ಮಂದ ಮಾಡಿಕೊಳ್ಳುತ್ತಿದ್ದರು. ಇವನೋ, ಫ್ಯಾನಿನ ಕೆಳಗೆ ಕೂತು ತಿಂಗಳ ಸಂಬಳ ಎಣಿಸುತ್ತ ಬೇಡ ಎನ್ನುತ್ತಿದ್ದ.

ಬೇಡ ಎನ್ನುವ ಹಾಗೆ ಆ ಕೆಲಸ ಮೊದಲು ಇರಲಿಲ್ಲ. ಎಂಬತ್ತನಾಲ್ಕರಲ್ಲಿ ಶಶಿಕುಮಾರ ಗುಮಾಸ್ತನಾಗಿ ಸೇರಿದಾಗ ಶಾಖೆಯ ಮ್ಯಾನೇಜರು ಮುನಿಶಾಮಪ್ಪನವರು. ಹೊಸಕೋಟೆ ಕಡೆಯವರು, ಸದಾ ಬಾಯಲ್ಲಿ ಎಲೆಅಡಿಕೆ, ಕಾಗದಕ್ಕಿಂತ ಮನುಷ್ಯರನ್ನು ನಂಬುವ ಪೈಕಿ. ಯಾರಾದರೂ ಮಗ್ಗಕ್ಕೆ ಸಾಲ ಕೇಳಿ ಬಂದರೆ, "ಶಶಿ, ಅವರ ಮನೇಗೆ ಹೋಗಿ ನೋಡ್ಕೊಂಡ್ ಬಾರಪ್ಪ, ನೇಯೋರ ಮನೆ ಹುಡುಗ ನೀನು, ನಂಗಿಂತ ಚೆನ್ನಾಗಿ ಗೊತ್ತಾಗುತ್ತೆ" ಎಂದು ಕಳಿಸುತ್ತಿದ್ದರು. ಅವನು ಸೈಕಲ್ ಹತ್ತುತ್ತಿದ್ದ. ಮಗ್ಗದ ಸದ್ದು ಕೇಳಿಯೇ ಅದರ ವಯಸ್ಸು ಹೇಳುತ್ತಿದ್ದ. ವರದಿ ಅವನೇ ಬರೆಯುತ್ತಿದ್ದ, ಇಂಗ್ಲಿಷಿನ ಪತ್ರವನ್ನು ಮನೆಯವರಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದ, ಆರು ತಿಂಗಳಾದ ಮೇಲೆ ಮಗ್ಗ ಹೇಗೆ ಓಡುತ್ತಿದೆ ಎಂದು ನೋಡಲೂ ಅವನೇ ಹೋಗುತ್ತಿದ್ದ. ಮುತ್ಯಾಲಮ್ಮ ಎಂಬ ವಿಧವೆ ಹೊಸ ಮಗ್ಗದಿಂದ ಇಳಿದ ಮೊದಲ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬ್ಯಾಂಕಿಗೇ ಬಂದು, "ನಿನ್ ಕೈಯಲ್ಲೇ ಮಡಿಕೆ ಬಿಚ್ಚಪ್ಪ" ಎಂದು ಅವನ ಮೇಜಿನ ಮೇಲಿಟ್ಟಿದ್ದಳು. ಅವತ್ತು ಅವನಿಗೆ ಊಟವೇ ಬೇಕಾಗಿರಲಿಲ್ಲ. ಒಂದು ಕೆಲಸದ ತುದಿ ಮೊದಲು ಎರಡೂ ಕಣ್ಣಿಗೆ ಬೀಳುತ್ತಿದ್ದ ಆ ನಾಲ್ಕು ವರ್ಷದಲ್ಲಿ ಅವನು ಒಂದು ದಿನವೂ ತಡವಾಗಿ ಹೋದವನಲ್ಲ.

ಎಂಬತ್ತೆಂಟರಲ್ಲಿ ಮುನಿಶಾಮಪ್ಪನವರು ನಿವೃತ್ತರಾಗಿ ಭಾನುಪ್ರಕಾಶ್ ಎಂಬುವವರು ಬಂದರು. ಕೆಟ್ಟವರಲ್ಲ. ಬೆಂಗಳೂರಿನಲ್ಲಿ ಹದಿನೈದು ದಿನ ತರಬೇತಿ ಮುಗಿಸಿಕೊಂಡು ಬಂದಿದ್ದರು, ಅಷ್ಟೇ. ಅಲ್ಲಿ ಕಲಿಸಿದ್ದೇನೆಂದರೆ ಒಬ್ಬ ಮನುಷ್ಯ ನಾಲ್ಕು ಕೆಲಸ ಮಾಡಿದರೆ ನಾಲ್ಕೂ ನಿಧಾನ, ಒಬ್ಬನಿಗೆ ಒಂದೇ ಕೆಲಸ ಕೊಟ್ಟರೆ ಬೇಗ. ಬಂದ ವಾರದಲ್ಲೇ ಒಂದು ದೊಡ್ಡ ಪಟ್ಟಿ ಬರೆಸಿ ಗೋಡೆಗೆ ಅಂಟಿಸಿದರು. ಯಾರು ಚೀಟಿ ತೆಗೆದುಕೊಳ್ಳಬೇಕು, ಯಾರು ಲೆಡ್ಜರು ಬರೆಯಬೇಕು, ಯಾರು ಟಪಾಲು ನೋಡಬೇಕು, ಎಲ್ಲವೂ ಅದರಲ್ಲಿತ್ತು. ಸಾಲದ ಕಾಗದಗಳೆಲ್ಲ ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುವ ಅಧಿಕಾರಿಯ ಪಾಲಾದವು. ಶಶಿಕುಮಾರನ ಹೆಸರಿನ ಮುಂದೆ ಇದ್ದದ್ದು ಎರಡೇ ಪದ: ಸಹಿ ತಾಳೆ.

ಅದಕ್ಕೆ ಅವನ ಕಣ್ಣೇ ಕಾರಣ. ಪಿಳ್ಳಪ್ಪ ಮಗನಿಗೆ ಚಿಕ್ಕಂದಿನಿಂದ ಒಂದು ಅಭ್ಯಾಸ ಮಾಡಿಸಿದ್ದ. ನೇಯ್ದ ಸೀರೆಯನ್ನು ಬಾಗಿಲ ಬೆಳಕಿಗೆ ಅಡ್ಡ ಹಿಡಿದು, ಎಲ್ಲಿ ಎಳೆ ತಪ್ಪಿದೆ ಹೇಳು ಎನ್ನುತ್ತಿದ್ದ. ಹೇಳುವವರೆಗೂ ತಿಂಡಿಯಿಲ್ಲ. ಒಂದು ದಿನ ಬ್ಯಾಂಕಿಗೆ ಬಂದಿದ್ದ ಹೆಂಗಸೊಬ್ಬಳ ಸೆರಗಿನಲ್ಲಿ ಎರಡು ಎಳೆ ಬಿಟ್ಟುಹೋಗಿರುವುದನ್ನು ಶಶಿಕುಮಾರ ಕೌಂಟರಿನಾಚೆಯಿಂದಲೇ ಹೇಳಿದ್ದು ಭಾನುಪ್ರಕಾಶರ ಕಿವಿಗೆ ಬಿತ್ತು. "ಇಂಥ ಕಣ್ಣಿಟ್ಕೊಂಡು ಸೈಕಲ್ ತುಳೀತಿದ್ದೀರಲ್ಲ" ಎಂದು ಬೆನ್ನು ತಟ್ಟಿದರು. ಇದ್ದ ಒಂದು ಒಳ್ಳೆಯ ಗುಣವೇ ಅವನನ್ನು ಕಟ್ಟಿಹಾಕಿತು.

ಕೆಲಸವೇನೋ ಸುಲಭ. ಹಣ ತೆಗೆಯುವ ಚೀಟಿ ಟ್ರೇಯಲ್ಲಿ ಬರುತ್ತದೆ. ಅದರ ನಂಬರು ನೋಡಿ ಪೆಟ್ಟಿಗೆಯಿಂದ ಮಾದರಿ ಸಹಿಯ ಕಾರ್ಡು ತೆಗೆಯಬೇಕು. ಎರಡು ಸಹಿಯೂ ಒಂದೇ ಆಗಿದ್ದರೆ ಮೂಲೆಯಲ್ಲಿ ಶ.ಕು. ಎಂದು ಗೀಚಬೇಕು, ಇಲ್ಲದಿದ್ದರೆ 'ಸಹಿ ತಾಳೆಯಿಲ್ಲ' ಎಂಬ ಮೊಹರು ಒತ್ತಿ, ಅದರ ಕೆಳಗೂ ಶ.ಕು. ಹಾಕಿ ಹಿಂದಕ್ಕೆ ಕಳಿಸಬೇಕು. ಆ ಹಣ ಯಾತಕ್ಕೆ, ಆ ಮನುಷ್ಯ ಯಾರು, ಆಮೇಲೇನಾಯಿತು ಎಂಬುದೊಂದೂ ಅವನಿಗೆ ತಿಳಿಯುವಂತಿಲ್ಲ. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಇದು, ಊಟವಾದ ಮೇಲೆ ಮಿಕ್ಕ ಚೆಕ್ಕುಗಳದ್ದೂ ಇದೇ. ಗಾಣದೆತ್ತಿಗಾದರೂ ಸಂಜೆ ಎಣ್ಣೆಯ ವಾಸನೆ ಬರುತ್ತದೆ.

ಒಂದು ವರ್ಷ ಸಹಿಸಿಕೊಂಡು, ಬೇರೆ ಕೆಲಸ ಕೊಡಿ ಎಂದು ಕೇಳಿದ. ಭಾನುಪ್ರಕಾಶರು ನಕ್ಕರು. ಆ ವಾರವೇ ಬೈಲಪ್ಪ ಎಂಬ ರೈತನ ಅಳಿಯ ಮಾವನ ಸಹಿ ನಕಲು ಮಾಡಿ ಚೀಟಿ ಕೊಟ್ಟ. ಶಶಿಕುಮಾರನಿಗೆ ಬೈಲಪ್ಪ ಚೆನ್ನಾಗಿ ಗೊತ್ತು, ಹೆಸರು ನೋಡಿದ್ದೇ ತಡ ಗೆರೆ ನೋಡದೆ ಶ.ಕು. ಹಾಕಿಬಿಟ್ಟ. ಹಣ ವಾಪಸು ಬಂತು, ಆದರೆ ಶಶಿಕುಮಾರನಿಗೆ ಮೆಮೊ ಬಂತು. ಗುರುತಿನವರ ಹೆಸರು ಕಂಡರೆ ನಿಮ್ಮ ಕಣ್ಣು ಮೋಸ ಹೋಗುತ್ತದೆ ಎಂದು ಭಾನುಪ್ರಕಾಶರು ಅವನ ಮೇಜನ್ನು ಮರದ ತಡಿಕೆಯ ಹಿಂದಕ್ಕೆ ಹಾಕಿಸಿದರು. ಅಲ್ಲಿಂದ ಗಿರಾಕಿಗಳ ಮುಖ ಕಾಣುವುದಿಲ್ಲ.

ಅವಮಾನವಾಗಿತ್ತು ಅವನಿಗೆ. ಇನ್ನೊಂದು ಮೆಮೊ ಬರಬಾರದೆಂದು ಒಂದು ರಟ್ಟು ತೆಗೆದುಕೊಂಡು, ನಡುವೆ ಸಹಿ ಕಾಣುವಷ್ಟೇ ಕಿಂಡಿ ಕೊರೆದ. ಅದನ್ನು ಚೀಟಿಯ ಮೇಲೋ ಕಾರ್ಡಿನ ಮೇಲೋ ಇಟ್ಟರೆ ಹೆಸರು, ಊರು, ಮೊತ್ತ ಎಲ್ಲ ಮುಚ್ಚಿಹೋಗಿ ಗೆರೆಯಷ್ಟೇ ಉಳಿಯುತ್ತಿತ್ತು. ಕೆಲವೇ ತಿಂಗಳಲ್ಲಿ ಆ ಗೆರೆಯನ್ನು ಅಕ್ಷರವೆಂದು ಓದುವುದೂ ನಿಂತುಹೋಯಿತು. ಸುತ್ತು, ಕೊಂಬು, ಬಾಲ, ಒತ್ತಿದ ಜಾಗ, ಇಷ್ಟೇ. ಮೂರು ವರ್ಷಕ್ಕೆ ಭಾನುಪ್ರಕಾಶರು ವರ್ಗವಾಗಿ ಹೋದರು. ಗೋಡೆಯ ಪಟ್ಟಿ ಹೋಗಲಿಲ್ಲ. ಆಮೇಲೆ ಬಂದ ಇಬ್ಬರು ಮ್ಯಾನೇಜರುಗಳೂ ಆ ಪಟ್ಟಿಗೆ ಕೈ ಹಚ್ಚಲಿಲ್ಲ, ಏಕೆಂದರೆ ಶಾಖೆಯಲ್ಲಿ ಒಂದು ಸಹಿಯೂ ತಪ್ಪುತ್ತಿರಲಿಲ್ಲ.

ಇತ್ತ ಮನೆಯಲ್ಲಿ ದಿನಾ ಅದೇ ರಾಗ.

"ಬಿಟ್ಬಿಡ್ತೀನಪ್ಪ. ನಂಗಾಗ್ತಿಲ್ಲ."

"ಏನ್ ಕಷ್ಟ ಕೊಡ್ತಾರೋ ನಿಂಗೆ? ಬೈತಾರಾ?" ಪಿಳ್ಳಪ್ಪ ಕೇಳುತ್ತಿದ್ದ.

"ಬೈಯಲ್ಲ."

"ಭಾರ ಹೊರಿಸ್ತಾರಾ?"

"ಇಲ್ಲ."

"ಮತ್ತೆ? ಕೆಲಸ ಕಷ್ಟ ಅಂತ ಬಿಟ್ಟೋರನ್ನ ನೋಡಿದೀನಿ ಕಣೋ. ಸುಲಭ ಅಂತ ಬಿಡೋನ್ನ ನಿನ್ನೊಬ್ಬನ್ನೇ ನೋಡ್ತಿರೋದು."

ಶಶಿಕುಮಾರ ಎದ್ದು ಹಾಳೆ ಪೆನ್ನು ಹುಡುಕುತ್ತಿದ್ದ. ರಾಜೀನಾಮೆ ಬರೆಯಲು ಕೂತರೂ ಇದೇ ತೊಡಕು, ಕಾರಣ ಏನೆಂದು ಬರೆಯುವುದು? ಅವನ ಹೆಂಡತಿ ಅನಿತ ಜಗಳಗಂಟಿಯಲ್ಲ. "ಬಿಡಿ ರೀ, ಬೇಡ ಅನ್ನಲ್ಲ ನಾನು. ಆದ್ರೆ ಬಿಟ್ಟು ಊಟಕ್ಕೇನು ಅಂತ ಒಂದ್ ಮಾತು ಹೇಳಿ" ಎನ್ನುತ್ತಿದ್ದಳು. ಮನೆಯಲ್ಲಿದ್ದದ್ದು ಎರಡು ಪವರ್‌ಲೂಮು. ಅದರ ಮೇಲೆ ಎರಡು ಸಂಸಾರ ನಡೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ತೊಂಬತ್ತೈದರಲ್ಲಿ ಪಿಂಚಣಿ ಎಂಬುದು ಬಂದ ಮೇಲೆ, ಕೌಂಟರಿನಲ್ಲಿ ಕೂರುವ ನಂದಕುಮಾರ ಇನ್ನೊಂದು ಬೀಗ ಹಾಕಿದ. "ಇಪ್ಪತ್ತು ವರ್ಷ ತುಂಬೋ ಮುಂಚೆ ರಾಜೀನಾಮೆ ಕೊಟ್ರೆ ಅದೂ ಇಲ್ಲ ಗುರು. ಇನ್ನೊಂಬತ್ತು ವರ್ಷ ಕಣ್ಮುಚ್ಕೊಂಡ್ ಇದ್ಬಿಡು." ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಕೆಲಸವಾಗಿದ್ದರೆ ಇವನ ಗೋಳೇ ಇರುತ್ತಿರಲಿಲ್ಲ.

ಮನುಷ್ಯನಿಗೆ ಕೊಟ್ಟ ಕೆಲಸ ಬ್ಯಾಂಕಿನ ಬಾಗಿಲಲ್ಲೇ ಉಳಿಯುವುದಿಲ್ಲ, ಬೆನ್ನು ಹತ್ತಿ ಮನೆಗೆ ಬರುತ್ತದೆ. ಮದುವೆ ಮನೆಯಲ್ಲಿ ಕೂತರೆ ಶಶಿಕುಮಾರನಿಗೆ ಚಪ್ಪರದ ಬಾಳೆಕಂಬ ಒಂದು ಗೇಣು ಓರೆಯಾಗಿರುವುದೇ ಕಾಣುತ್ತಿತ್ತು, ಮದುಮಕ್ಕಳು ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ ತಾಯಿ ವರಲಕ್ಷ್ಮಮ್ಮ ಹೊಸಿಲ ಮುಂದೆ ರಂಗೋಲಿ ಬಿಟ್ಟು, "ಹೆಂಗಿದೆ ನೋಡೋ" ಎಂದು ಆಸೆಯಿಂದ ಕರೆದಳು. ಅವನು ಬಗ್ಗಿ ನೋಡಿ, ನಿನ್ನೆಯದಕ್ಕೂ ಇವತ್ತಿನದಕ್ಕೂ ಎಡಗಡೆಯ ಬಳ್ಳಿ ತಾಳೆಯಾಗುವುದಿಲ್ಲ ಎಂದ. ಮುದುಕಿ ತಮಾಷೆಗೆ, "ಕೈ ನಂದೇ ಕಣಪ್ಪ" ಎಂದದ್ದಕ್ಕೆ, "ಕೈ ನಿಂದೇ ಆದ್ರೆ ಗೆರೆ ಯಾಕ್ ಬದಲಾಗುತ್ತೆ?" ಎಂದು ಗದರಿದ. ತಾಯಿ ಕಾಲಿನಿಂದ ರಂಗೋಲಿ ಒರೆಸಿ ಒಳಗೆ ಹೋದಳು. ಜಗಲಿಯ ಮೇಲೆ ಕೂತಿದ್ದ ಪಿಳ್ಳಪ್ಪ ಇದನ್ನೆಲ್ಲ ನೋಡಿದ.

ಇದಾಗಿ ಹದಿನೈದು ದಿನಕ್ಕೆ, ತೊಂಬತ್ತಾರರ ಒಂದು ಶುಕ್ರವಾರ. ನಂದಕುಮಾರ ರಜೆ ಹಾಕಿದ್ದ. ಕೌಂಟರಿನಲ್ಲಿ ಮೇಘನ ಎಂಬ ಹೊಸ ಹುಡುಗಿ, ದಿನಾ ಬೆಂಗಳೂರಿನಿಂದ ರೈಲಿನಲ್ಲಿ ಬಂದು ಹೋಗುವವಳು, ಊರಿನ ಯಾರನ್ನೂ ಅರಿಯಳು. ಬಾಗಿಲು ತೆರೆದದ್ದೇ ಟ್ರೇಯಲ್ಲಿ ಮೊದಲ ಚೀಟಿ ಬಂತು. ಶಶಿಕುಮಾರ ನಂಬರು ನೋಡಿ ಕಾರ್ಡು ತೆಗೆದ, ರಟ್ಟು ಇಟ್ಟ. ಕಾರ್ಡಿನಲ್ಲಿ ಗೆರೆ ದಿಟ್ಟವಾಗಿತ್ತು, ಚೀಟಿಯಲ್ಲಿ ಅದೇ ಗೆರೆ ಇರುವೆ ನಡೆದ ಹಾಗೆ ಅಂಕುಡೊಂಕು. ಕೊನೆಯ ಸುತ್ತು ಮುಚ್ಚಿಕೊಂಡೇ ಇರಲಿಲ್ಲ. ಮೊಹರು ಒತ್ತಿ ಹಿಂದಕ್ಕೆ ತಳ್ಳಿದ.

ಹತ್ತು ನಿಮಿಷಕ್ಕೆ ಅದೇ ನಂಬರಿನ ಇನ್ನೊಂದು ಚೀಟಿ. ಈ ಸಲ ಗೆರೆ ನಿಧಾನವಾಗಿ, ಒತ್ತಿ ಒತ್ತಿ ಬರೆದಿತ್ತು. ನಕಲು ಮಾಡುವವರು ಹೀಗೆಯೇ ನಿಧಾನವಾಗಿ ಬರೆಯುತ್ತಾರೆ ಎಂಬುದು ಎಂಟು ವರ್ಷದಲ್ಲಿ ಅವನು ಕಲಿತ ವಿದ್ಯೆ. ಮತ್ತೆ ಮೊಹರು ಒತ್ತಿದ. ಮೂರನೆಯದು ಬಂದಾಗ ಅವನಿಗೆ ಒಳಗೊಳಗೇ ಒಂದು ಉತ್ಸಾಹ ಬಂತು, ಸುಳ್ಳು ಹೇಳಬಾರದು. ಎಷ್ಟೋ ದಿನದ ಮೇಲೆ ಅವನ ಕಣ್ಣಿಗೆ ತಕ್ಕ ಕೆಲಸ ಸಿಕ್ಕಿತ್ತು. ಕೆಂಪು ಶಾಯಿಯಲ್ಲಿ 'ಖಾತೆದಾರರ ಕೈಯಲ್ಲ, ವಿಚಾರಿಸಬೇಕು' ಎಂದು ಬರೆದು ನೇರ ಮ್ಯಾನೇಜರಿಗೆ ಕಳಿಸಿದ.

ಹೊರಗೆ ಮ್ಯಾನೇಜರ ದನಿ ಕೇಳಿಸಿತು. "ಯಾರ್ರೀ ನೀವು? ಈ ಪಾಸ್‌ಬುಕ್ ಯಾರದ್ದು? ನಿಜ ಹೇಳಿ, ಇಲ್ಲಾಂದ್ರೆ ಪೊಲೀಸ್ನೋರನ್ನ ಕರೀಬೇಕಾಗುತ್ತೆ." ಜನ ಸೇರಿದ ಗುಜುಗುಜು ಕೇಳಿಸಿತು. ಶಶಿಕುಮಾರ ತಡಿಕೆ ದಾಟಿ ಹೊರಗೆ ಬಂದ.

ಕೌಂಟರಿನ ಮುಂದೆ ಹಿತ್ತಾಳೆಯ ಟೋಕನ್ನು ಹಿಡಿದು ನಿಂತಿದ್ದವನು ಅವನ ಅಪ್ಪ. ಒಗೆದ ಪಂಚೆ, ಹೆಗಲ ಮೇಲೆ ವಲ್ಲಿ, ಹಣೆಗೆ ಹೊಸದಾಗಿ ಇಟ್ಟ ವಿಭೂತಿ. ಬಲಗೈ ನಡುಗುತ್ತಿತ್ತು. ಆ ಕೈ ನಡುಗಲು ಶುರುವಾಗಿ ವರ್ಷದ ಮೇಲಾಗಿತ್ತಂತೆ, ಒಂದೇ ಮನೆಯಲ್ಲಿದ್ದ ಮಗ ಅದನ್ನು ಅವತ್ತು ನೋಡಿದ.

"ಶಶಿಕುಮಾರ್, ನಿಮಗೆ ಇವರು ಗೊತ್ತಾ?" ಮ್ಯಾನೇಜರು ಕೇಳಿದರು.

ಶಶಿಕುಮಾರನಿಗಿಂತ ಮೊದಲು ಪಿಳ್ಳಪ್ಪನೇ ಮಾತಾಡಿದ, ಅದೂ ಗಟ್ಟಿಯಾಗಿ ಅಲ್ಲ.

"ಗೊತ್ತಿಲ್ಲ ಅಂತ ಮೂರ್ ಸಲ ಬರೆದ್ಕೊಟ್ಟಿದಾನಲ್ಲ ಸ್ವಾಮಿ."

ಮೇಘನ ಪಾಪ ಅಳುವಂತಾಗಿದ್ದಳು. "ಸರ್, ಅಜ್ಜ ಒಂದೇ ಒಂದ್ ಸಲ ಕೇಳಿದ್ರು, ಯಾರಮ್ಮ ತಾಳೆ ಇಲ್ಲ ಅಂದಿದ್ದು ಅಂತ. ನಾನು ನಿಮ್ ಶ.ಕು. ತೋರಿಸ್ದೆ. ಆಮೇಲೆ ಅವರೇನೂ ಹೇಳಲೇ ಇಲ್ಲ, ಸುಮ್ನೆ ಮತ್ತೆ ಬರೆದ್ರು" ಎಂದಳು. ಇವರು ನಮ್ಮ ತಂದೆ ಎಂದು ಶಶಿಕುಮಾರ ಹೇಳುವಷ್ಟರಲ್ಲಿ ಮ್ಯಾನೇಜರು ಕೈಮುಗಿದು, ಹಣ ಈಗಲೇ ಕೊಡಿಸುತ್ತೇನೆ ಎಂದು ಒದ್ದಾಡಿದರು. ಪಿಳ್ಳಪ್ಪ ಗೋಡೆಯ ಗಡಿಯಾರ ನೋಡಿದ. ಹತ್ತೂ ಮುಕ್ಕಾಲು. "ಬೇಡ ಸ್ವಾಮಿ. ರಾಹುಕಾಲ ಬಂತು" ಎಂದು ಟೋಕನ್ನು ಕೌಂಟರಿನ ಮೇಲಿಟ್ಟು ಹೊರಟುಹೋದ.

ಏನಿತ್ತು ಹತ್ತರಿಂದ ಹತ್ತೂವರೆಯ ಆ ಅರ್ಧ ಗಂಟೆಯಲ್ಲಿ ಎಂಬುದನ್ನು ಪಿಳ್ಳಪ್ಪ ಸಂಜೆಯಾದರೂ ಹೇಳಲಿಲ್ಲ. ಹೇಳಿದವಳು ವರಲಕ್ಷ್ಮಮ್ಮ. ಕರೇನಹಳ್ಳಿಯ ಆವಲಪ್ಪ ನೇಯ್ಗೆ ಸಾಕೆಂದು ಶೆಡ್ಡು ಮುಚ್ಚುತ್ತಿದ್ದ, ಅವನ ಎರಡು ಮಗ್ಗ ಮಾರಾಟಕ್ಕಿದ್ದವು. ಮನೆಯ ಎರಡರ ಜೊತೆ ಆ ಎರಡು ಸೇರಿದರೆ ಮಗ ಬ್ಯಾಂಕು ಬಿಡಬಹುದು ಎಂದು ಪಿಳ್ಳಪ್ಪ ಲೆಕ್ಕ ಹಾಕಿದ್ದ. ಆವಲಪ್ಪನಿಗೆ ಮಧ್ಯಾಹ್ನ ಯಲಹಂಕದಿಂದ ಬೇರೆ ಗಿರಾಕಿ ಬರುವವನಿದ್ದ. "ನೀನು ಮೊದಲು ಬಂದು ಮುಂಗಡ ಕೊಟ್ರೆ ನಿಂದೇ ಪಿಳ್ಳಣ್ಣ" ಎಂದಿದ್ದ. ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಬ್ಯಾಂಕು ತೆರೆಯುವುದು ಹತ್ತಕ್ಕೆ. ರಾಹುಕಾಲದಲ್ಲಿ ಮಗ್ಗಕ್ಕೆ ಮುಂಗಡ ಕೊಡುವ ನೇಕಾರ ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ಹನ್ನೆರಡು ದಾಟುವ ಹೊತ್ತಿಗೆ ಯಲಹಂಕದವನು ಹಣ ಕೊಟ್ಟು ಮಗ್ಗ ಬಿಚ್ಚಿಸುತ್ತಿದ್ದ.

"ಮುಂಚೆ ನಂಗೊಂದ್ ಮಾತು ಹೇಳಿದ್ರೆ..." ಎಂದ ಶಶಿಕುಮಾರ.

"ಹೇಳಿದ್ರೆ ಬೇಡ ಅಂತೀಯ, ನಿಮ್ಮಿಬ್ಬರ ಹಣ ನಂಗ್ಯಾಕೆ ಅಂತೀಯ, ಅದಕ್ಕೇ ಹೇಳ್ಲಿಲ್ಲ" ಎಂದಳು ತಾಯಿ. "ಅವತ್ತು ರಂಗೋಲಿಗೆ ನನ್ ಮೇಲೆ ರೇಗಿದ್ಯಲ್ಲ, ಆ ರಾತ್ರೀನೇ ಅಂದ್ರು, ನಮ್ ಹುಡುಗ ಹಿಂಗಿರ್ಲಿಲ್ಲ ಕಣೇ, ಆ ಕೆಲಸದಿಂದ ಈಚೆಗೆ ತಂದ್ಬಿಡಣ ಅಂತ."

ಶಶಿಕುಮಾರ ಅತ್ತ. ಮೂವತ್ತಾರು ವರ್ಷದ ಗಂಡಸು ತಾಯಿಯ ಮುಂದೆ ಬಾಯಿಗೆ ಟವೆಲು ಒತ್ತಿಕೊಂಡು ಅತ್ತ.

ಮಾರನೆಯ ದಿನ ಶನಿವಾರ, ಮ್ಯಾನೇಜರು ಹೇಳಿಕಳಿಸಿದರು. ಕೈ ನಡುಗುವವರ ಸಹಿ ಇನ್ನು ನಡೆಯುವುದಿಲ್ಲ, ಖಾತೆಯನ್ನು ಹೆಬ್ಬೆಟ್ಟಿಗೆ ಬದಲಾಯಿಸಬೇಕು, ತಂದೆಯವರನ್ನು ಕರೆದುಕೊಂಡು ಬನ್ನಿ ಎಂದು. ಪಿಳ್ಳಪ್ಪ ತನ್ನ ಬೀದಿಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತ ಮೊದಲನೆಯವನು. ರಾತ್ರಿ ಶಾಲೆಗೆ ಹೋಗಿ, ಒಂದು ತಿಂಗಳು ಸ್ಲೇಟಿನ ಮೇಲೆ ತಿದ್ದಿ ಕಲಿತಿದ್ದ. ಈಗ ಮಗನೇ ಅವನ ಎಡಗೈ ಹಿಡಿದು, ಹೆಬ್ಬೆರಳನ್ನು ಶಾಯಿಯ ಪ್ಯಾಡಿಗೆ ಒತ್ತಿ, ಹೊಸ ಕಾರ್ಡಿನ ಮೇಲೆ ಹೊರಳಿಸಿದ. ಹಳೆಯ ಕಾರ್ಡಿಗೆ ಅಡ್ಡಗೀಟು ಎಳೆಯಬೇಕಾದವನೂ ಅವನೇ. ಪಿಳ್ಳಪ್ಪ ಬೇರೆ ಕಡೆ ನೋಡುತ್ತ ನಿಂತಿದ್ದ.

"ಅಪ್ಪಾ, ನಾನು ಹೇಗಾದ್ರೂ ಬಿಟ್ಬಿಡ್ತೀನಿ" ಎಂದ ಶಶಿಕುಮಾರ ದಾರಿಯಲ್ಲಿ. "ಬೇರೆಯೋರ ಮಗ್ಗದಲ್ಲಿ ಕೂಲಿಗೆ ನೇಯ್ತೀನಿ. ಏನಾದ್ರಾಗ್ಲಿ."

"ನಾಳೆ ಭಾನುವಾರ ಅಲ್ವಾ, ಮನೇಲೇ ಮಗ್ಗಕ್ಕೆ ಕೂತ್ಕೊ ನೋಡಣ" ಎಂದ ಅಪ್ಪ.

ಭಾನುವಾರ ಬೆಳಿಗ್ಗೆ ಶಶಿಕುಮಾರ ಸ್ನಾನ ಮಾಡಿ, ಮಗ್ಗಕ್ಕೆ ಕೈಮುಗಿದು ಮೋಟರು ಹಾಕಿದ. ಲಾಳಿ ಓಡತೊಡಗಿತು. ನಾಲ್ಕು ಬೆರಳು ನೇಯುವಷ್ಟರಲ್ಲಿ ಅವನಿಗೆ ಒಂದು ಎಳೆ ಸಡಿಲವಾಗಿ ಕಂಡಿತು. ನಿಲ್ಲಿಸಿ ಸರಿಮಾಡಿದ. ಮತ್ತೆ ಶುರುಮಾಡಿದ, ಅಂಚಿನ ಬಣ್ಣ ಹಿಂದಿನ ಗೇಣಿಗಿಂತ ಕೂದಲೆಳೆಯಷ್ಟು ಬೇರೆ ಎನಿಸಿತು. ನಿಲ್ಲಿಸಿದ. ಹೀಗೆ ಓಡಿಸುವುದು, ನಿಲ್ಲಿಸುವುದು, ಬಗ್ಗಿ ನೋಡುವುದು, ನೇಯ್ದದ್ದನ್ನು ಬಿಚ್ಚುವುದು. ಅನಿತ ಕಾಫಿ ತಂದಿಟ್ಟದ್ದು ಆರಿಹೋಯಿತು. ಪಕ್ಕದ ಮಗ್ಗದಲ್ಲಿ ಕೂಲಿಯ ಅಂಜಿನಮ್ಮ ಹಾಡು ಗುನುಗುತ್ತ ಮಧ್ಯಾಹ್ನದೊಳಗೆ ಅರ್ಧ ಸೀರೆ ಇಳಿಸಿದ್ದಳು. ಶಶಿಕುಮಾರನ ಮಗ್ಗದಲ್ಲಿ ಒಂದು ಗೇಣು ಬಟ್ಟೆಯೂ ಆಗಿರಲಿಲ್ಲ. ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅವನಿಗೆ ಬಟ್ಟೆ ಕಾಣುತ್ತಿರಲಿಲ್ಲ, ತಪ್ಪು ಮಾತ್ರ ಕಾಣುತ್ತಿತ್ತು.

ಪಿಳ್ಳಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ಸೀರೆಯನ್ನು ಬೆಳಕಿಗೆ ಹಿಡಿದು ಎಳೆ ತೋರಿಸುತ್ತಿದ್ದ ಕಾಲದಲ್ಲಿ ತಪ್ಪು ಹುಡುಕಿದ ಮೇಲೆ ಸೀರೆಯನ್ನೂ ನೋಡು ಎಂದು ತಾನು ಹೇಳಿಕೊಟ್ಟಿದ್ದೆನೋ ಇಲ್ಲವೋ, ಅವನಿಗೂ ನೆನಪಿರಲಿಲ್ಲ. ಒಳಗೆ ಬಂದು ಮೋಟರು ಆರಿಸಿದ. ಮಗನ ಹೆಗಲ ಮೇಲೆ ಕೈಯಿಟ್ಟ. ಆ ಕೈ ಹೆಗಲ ಮೇಲೂ ನಡುಗುತ್ತಿತ್ತು.

"ಏಳಪ್ಪ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು. "ನೀನು ಬ್ಯಾಂಕಲ್ಲೇ ಇದ್ಬಿಡು. ಆವಲಪ್ಪನ ಮಗ್ಗ ಬಂದಿದ್ರೂ ಅಷ್ಟೇ ಆಗ್ತಿತ್ತು. ನಿಂಗಿನ್ನು ಬೇರೆ ಕೆಲಸ ಬರಲ್ಲ."

ಶಶಿಕುಮಾರ ಎದ್ದ. ಅವನ ಜಾಗದಲ್ಲಿ ಅಪ್ಪ ಕೂತು, ನಡುಗುವ ಕೈಯಲ್ಲೇ ಬಿಚ್ಚಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕತೊಡಗಿದ. ಬೆಳಿಗ್ಗೆಯ ನಷ್ಟ ಸರಿಹೋಗಲು ಸಂಜೆಯಾಯಿತು.

ಅಲ್ಲಿಂದ ಮುಂದೆ ಕೆಲಸ ಬಿಡುತ್ತೇನೆಂಬ ಮಾತು ಶಶಿಕುಮಾರನ ಬಾಯಲ್ಲಿ ಬರಲಿಲ್ಲ. ಹುಡುಗನಿಗೆ ಬುದ್ಧಿ ಬಂತು ಎಂದು ಬೀದಿಯವರು ಸಮಾಧಾನಪಟ್ಟರು. ಸೋಮವಾರ ಅವನು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬ್ಯಾಂಕಿಗೆ ಹೋಗಿ ತಡಿಕೆಯ ಹಿಂದೆ ಕೂತ.